ಪದಚರ್ಚೆ: ‘ಅಂತರ್ವ್ಯಾಪಿ’ ಕಳೆನಾಶಕಕ್ಕೆ ತಿಳಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಕೈತೋಟದಲ್ಲಿ ಐರಿಸ್ ಹೂಗಿಡ ಬೆಳೆಸುವವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕಳೆನಾಶಕದ ಭಾಗಕ್ಕೆ ಬಂದಾಗ ಕೆಲವು ಪದಗಳು ಕಾಡುತ್ತಿವೆ. ಇಲ್ಲಿ ಪದ ಮಸುಕಾದರೆ ಓದಿದವರ ಗಿಡಕ್ಕೇ ಕುತ್ತು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮುಖ್ಯವಾಗಿ ‘ಸಿಸ್ಟಮಿಕ್’, ಅಂದರೆ ಗಿಡದೊಳಗೆಲ್ಲ ಹರಡುವ, ಅನ್ನುವ ಪದ. ಕೃಷಿ ಬರಹಗಳಲ್ಲಿ ಇದನ್ನು ‘ಅಂತರ್ವ್ಯಾಪಿ’ ಅನ್ನುತ್ತಾರೆ. ಅರ್ಥ ಸರಿಯಾಗಿಯೇ ಇದೆ. ಆದರೆ ಅಪಾಯ ಎಲ್ಲಿದೆ ಅನ್ನುವುದು ಆ ಪದದಿಂದ ಹೊಳೆಯುವುದಿಲ್ಲ. 1974ರಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೊಸೇಟ್ ಅನ್ನುವ ಕಳೆನಾಶಕವನ್ನೇ ತೆಗೆದುಕೊಳ್ಳಿ. ಎಲೆಯ ಮೇಲೆ ಬಿದ್ದದ್ದು ಅಲ್ಲೇ ಉಳಿಯುವುದಿಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಯಾವ ದಾರಿಯಲ್ಲಿ ಸಾಗುತ್ತದೋ ಅದೇ ದಾರಿ ಹಿಡಿದು ಬೇರಿಗೂ ಎಳೆ ಮೊಳಕೆಗಳಿಗೂ ತಲುಪುತ್ತದೆ. ಬೆಳೆಯುವುದಕ್ಕೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ಗಿಡ ಮಾಡಿಕೊಳ್ಳದಂತೆ ತಡೆಯುತ್ತದೆ. ಐರಿಸ್ ಮುಂದಿನ ಹೂವಿಗೆ ಬೇಕಾದದ್ದನ್ನೆಲ್ಲ ಕೂಡಿಡುವುದು ಬುಡದಲ್ಲೇ ಅಲ್ವಾ, ಪೆಟ್ಟು ಬೀಳುವುದೂ ಅಲ್ಲಿಗೇ. ಬೆಳವಣಿಗೆಯ ಕಾಲ ಮುಗಿಯುವ ಹೊತ್ತಿಗೆ ಸ್ವಲ್ಪ ತಗುಲಿದ್ದರಂತೂ ಆಗ ಏನೂ ಕಾಣದೇ ಇರಬಹುದು. ಮುಂದಿನ ಸಲ ಚಿಗುರು ಬಿಳಿಚಿಕೊಂಡು, ಸಣಕಲಾಗಿ, ಒಂದೇ ಕಡೆ ಗುಂಪಾಗಿ ಬರುತ್ತದೆ. ಹೂವು ಸೊಟ್ಟಗಾಗುತ್ತದೆ. ನೋಡಿದವರು ರೋಗ ಅಂದುಕೊಳ್ಳುತ್ತಾರೆ.

‘ಬೇರಿಗಿಳಿಯುವ ಕಳೆನಾಶಕ’ ಅಂದರೆ ಹೇಗೆ? ನನಗೆ ಇದು ಇಷ್ಟ. ಒಂದೇ ತೊಡಕು. ಡೈಕಾಂಬಾದಂಥ ಕಳೆನಾಶಕಗಳು ಎಲೆಯಿಂದ ಕೆಳಗಿಳಿಯುವುದಷ್ಟೇ ಅಲ್ಲ, ಮಣ್ಣಿನ ನೀರಿನ ಜೊತೆ ಬೇರಿನಿಂದ ಮೇಲಕ್ಕೂ ಏರುತ್ತವೆ. ಗ್ಲೈಫೊಸೇಟ್ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ ಆ ಹೆದರಿಕೆ ಕಡಿಮೆ. ಎರಡಕ್ಕೂ ಒಂದೇ ಪದ ಸಾಕೇ, ಬೇರೆ ಬೇರೆ ಬೇಕೇ?

ಇನ್ನು ‘ಗೆಡ್ಡೆ’. ಐರಿಸ್‌ನ ಬುಡವನ್ನು ಸುಮ್ನೆ ಗೆಡ್ಡೆ ಅಂದುಬಿಟ್ಟರೆ ಅದು ಮಣ್ಣೊಳಗೆ ಭದ್ರವಾಗಿದೆ ಅನ್ನುವ ಭಾವನೆ ಬರುತ್ತದೆ. ಗಡ್ಡದ ಐರಿಸ್‌ನಲ್ಲಿ (ದಳದ ಮೇಲೆ ಗಡ್ಡದಂಥ ರೋಮವಿರುವ ಬಗೆ) ಆ ಬುಡದ ಬೆನ್ನು ಮಣ್ಣಿನ ಮೇಲೆ, ಬಿಸಿಲಿಗೆ ತೆರೆದುಕೊಂಡೇ ಇರಬೇಕು. ಮುಚ್ಚಿದರೆ ಕೊಳೆಯುತ್ತದೆ. ಹಾಗಾಗಿ ದಪ್ಪ ಹೊದಿಕೆ ಹಾಸಿ ಕಳೆ ತಡೆಯುವುದೂ ಕಷ್ಟ, ಔಷಧಿ ಹೊಡೆದರೆ ಹನಿ ನೇರ ಅದರ ಮೇಲೇ ಬೀಳುತ್ತದೆ. ‘ಬೇರುಕಾಂಡ’ (ರೈಜೋಮ್) ಅನ್ನುವುದೇ ವಾಸಿ ಅನ್ನಿಸುತ್ತಿದೆ.

ಸಿಂಪಡಿಸುವಾಗ ಗಾಳಿಗೆ ಪಕ್ಕಕ್ಕೆ ಹಾರುವ ಸಣ್ಣ ಹನಿಗಳಿಗೆ (ಇಂಗ್ಲಿಷಿನ ‘ಡ್ರಿಫ್ಟ್’) ‘ಎರಚಲು’ ಅಂತ ಬರೆದಿದ್ದೇನೆ. ಮಳೆಯ ಎರಚಲು ಜಗುಲಿಗೆ ಬಡಿಯುವ ಹಾಗೆಯೇ ತಾನೆ ಇದೂ? ‘ದಿಕ್ಚ್ಯುತಿ’ ಮುಂತಾದವುಗಳಿಗಿಂತ ಇದು ಬೇಗ ನಾಟುತ್ತದೆ. ಆದರೆ 2,4-ಡಿ ಅನ್ನುವ ಕಳೆನಾಶಕದ ಎಸ್ಟರ್ ರೂಪ ಸಿಂಪಡಿಸಿದ ಮೇಲೂ ಬಿಸಿಲಿಗೆ ಆವಿಯಾಗಿ ಪಕ್ಕದ ಗಿಡಕ್ಕೆ ತಗಲುತ್ತದೆ. ಅದು ಎರಚಲು ಅಲ್ಲ, ಅದಕ್ಕೆ ‘ಆವಿ ತಗಲುವುದು’ ಅಂತಲೇ ಇಟ್ಟಿದ್ದೇನೆ.

‘ಸೆಲೆಕ್ಟಿವ್’ ಅನ್ನುವುದಕ್ಕೆ ಬಳಸುವ ‘ಆಯ್ದು ಕೊಲ್ಲುವ’ ಅನ್ನುವ ಮಾತನ್ನಂತೂ ಕೈಬಿಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಓದಿದವರು ‘ಕಳೆಯನ್ನು ಮಾತ್ರ ಆಯ್ದು ಕೊಲ್ಲುತ್ತದೆ’ ಅಂತಲೇ ತಿಳಿಯುತ್ತಾರೆ. ರಾಸಾಯನಿಕಕ್ಕೆ ಕಳೆ ಯಾವುದು, ಹೂವು ಯಾವುದು ಅಂತ ಗೊತ್ತಿಲ್ಲ. ಅದು ಸಸ್ಯಗಳ ಗುಂಪನ್ನು ಮಾತ್ರ ನೋಡುತ್ತದೆ. 2,4-ಡಿ ಅಗಲ ಎಲೆಯ ಗಿಡಗಳಿಗೆ ಅಂತ ಹೆಸರಾಗಿದೆ. ಐರಿಸ್‌ನ ಎಲೆ ಕತ್ತಿಯ ಹಾಗೆ ಉದ್ದ, ಗಿಡ ಏಕದಳ. ಹಾಗಂತ ಅದು ಸುರಕ್ಷಿತ ಅಲ್ಲ, ಎಲೆ ತಿರುಚಿಕೊಳ್ಳಬಹುದು. ಹುಲ್ಲಿನ ಕುಟುಂಬವನ್ನೇ ಕೊಲ್ಲುವ ಫ್ಲುಅಜಿಫಾಪ್, ಸೆಥಾಕ್ಸಿಡಿಮ್‌ನಂಥವನ್ನು ಐರಿಸ್ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಏಕೆಂದರೆ ಅದು ಹುಲ್ಲಿನ ಕುಟುಂಬದ್ದಲ್ಲ. ಇವಕ್ಕೆ ‘ಹುಲ್ಲುನಾಶಕ’ ಅಂತ ಬೇರೆ ಹೆಸರೇ ಕೊಟ್ಟರೆ ಗೊಂದಲ ಎಷ್ಟೋ ತಪ್ಪುತ್ತದೆ. ಲೇಬಲ್ ಓದದೆ ಇವನ್ನೂ ಬಳಸಬಾರದು ಅನ್ನುವ ಸಾಲನ್ನು ಸೇರಿಸಿದ್ದೇನೆ.

ಐರಿಸ್ ಬುಡದ ಕಳೆಯನ್ನು ಕೈಯಿಂದಲೇ ಕೀಳಿ ಅನ್ನುವುದು ಕೈಪಿಡಿಯ ಮೊದಲ ಸಲಹೆ. ಅದಕ್ಕೆ ಪದದ ತೊಂದರೆ ಇಲ್ಲ. ಕೀಳಲಾಗದ ಕಡೆ ಔಷಧಿಯನ್ನು ಕುಂಚದಿಂದ ಕಳೆಯ ಎಲೆಗಷ್ಟೇ ಹಚ್ಚುವ ಕ್ರಮಕ್ಕೆ ‘ಸವರುವುದು’ ಸರಿಯೇ, ‘ಲೇಪಿಸುವುದು’ ಸರಿಯೇ? ಹೊಲ, ತೋಟದಲ್ಲಿ ದುಡಿಯುವವರು ‘ಅಂತರ್ವ್ಯಾಪಿ’ಗೆ ಬಾಯಿಮಾತಿನಲ್ಲಿ ಏನನ್ನುತ್ತಾರೆ ಅನ್ನುವುದನ್ನು ದಯವಿಟ್ಟು ತಿಳಿಸಿ.