ಸಲ್ಯೂಟ್ ಹೊಡೆದ ಪ್ರೊಫೆಸರು

ಶೀನ: ಸೈಕಲ್ ತುಳಿಯೋ ದೇಶದಲ್ಲಿ ಡೈಮ್ಲರ್ ಕಾರು, ಡ್ರೈವರು, ಬಟ್ಲರು, ಕೆನೆತ್-ಕಾರ್ಲಾ ಅಂತ ಎರಡು ಮುದ್ದಿನ ನಾಯಿ. ನೆದರ್ಲೆಂಡ್ಸ್‌ನ ರಾಜಕಾರಣಿ ಪಿಮ್ ಫೋರ್ಟೌನ್ ಠೀವಿಯೇ ಠೀವಿ!

ರಾಮು: ಶುರುವಿನಲ್ಲಿ ಮಾರ್ಕ್ಸ್‌ವಾದಿ ಕಣೋ. ಗ್ರೋನಿಂಗನ್‌ನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು, 1981ರಲ್ಲಿ ಪಿಎಚ್‌ಡಿ, ಲೇಬರ್ ಪಕ್ಷದ ಸದಸ್ಯತ್ವ ಬೇರೆ. ಆಮೇಲೆ ವಿದ್ಯಾರ್ಥಿಗಳ ಬಸ್-ರೈಲು ಪಾಸಿನ ಕಂಪನಿ ನಡೆಸಿದ. 1991ರಿಂದ 95ರವರೆಗೆ ರೊಟರ್ಡ್ಯಾಮ್‌ನ ಎರಾಸ್ಮಸ್‌ನಲ್ಲಿ ಪ್ರೊಫೆಸರ್. ಹುದ್ದೆ ಹೋದ್ರೂ ‘ಪ್ರೊಫೆಸರ್’ ಮಾತ್ರ ಹೋಗಲಿಲ್ಲ.

ಪದ್ದಕ್ಕ: ಅದೆಲ್ಲ ಪೀಠಿಕೆ ಕಣ್ರೋ. ಮಜಾ ಇರೋದು ಕೊನೆಯ ಆರು ತಿಂಗಳಲ್ಲಿ. 2001ರ ನವೆಂಬರ್‌ನಲ್ಲಿ ‘ಲೇಫ್‌ಬಾರ್ ನೆದರ್ಲೆಂಡ್’ ಪಕ್ಷ ಇವನನ್ನ ಮುಂದಾಳು ಮಾಡ್ತು. ಡಚ್ಚರ ಸಭೇಲಿ ಸಲ್ಯೂಟ್ ಹೊಡೆದು ಇಂಗ್ಲಿಷ್‌ನಲ್ಲಿ ‘ಅಟ್ ಯುವರ್ ಸರ್ವಿಸ್’ ಅಂದ! ಫೆಬ್ರವರಿ 9ಕ್ಕೆ ಪತ್ರಿಕೇಲಿ ಸಂದರ್ಶನ: ಇಸ್ಲಾಂ ಹಿಂದುಳಿದ ಸಂಸ್ಕೃತಿ, ತಾರತಮ್ಯ ನಿಷೇಧಿಸೋ ಸಂವಿಧಾನದ ಮೊದಲ ವಿಧಿ ತೆಗೀಬೇಕು ಅಂತ. ಮಾರನೇ ದಿನವೇ ಪಕ್ಷದಿಂದ ಗೇಟ್‌ಪಾಸ್.

ಶೀನ: ಪಕ್ಷದ ಹೆಸರಿನ ಅರ್ಥ ‘ಬಾಳಬಹುದಾದ ನೆದರ್ಲೆಂಡ್ಸ್’. ಇವನು ಅಲ್ಲಿ ಮೂರು ತಿಂಗಳೂ ಬಾಳಲಿಲ್ಲ.

ಪದ್ದಕ್ಕ: ಅದೇ ವಾರ ಸ್ವಂತ ಅಂಗಡಿ, ‘ಪಿಮ್ ಫೋರ್ಟೌನ್ ಪಟ್ಟಿ’. ಮಾರ್ಚ್ 6ಕ್ಕೆ ರೊಟರ್ಡ್ಯಾಮ್ ನಗರಸಭೆ ಚುನಾವಣೆ: ಅಲ್ಲಿನ ಸ್ಥಳೀಯ ಪಕ್ಷದ ಮುಂದಾಳಾಗಿ ನಿಂತು 45ರಲ್ಲಿ 17 ಸೀಟು ಬಾಚಿದ. ಮಹಾಯುದ್ಧ ಮುಗಿದಾಗಿನಿಂದ ಅದು ಲೇಬರ್‌ನವರ ಕೋಟೆ.

ಗೋಪಿ: ಸಂಸತ್ ಚುನಾವಣೆಗೆ ಮೂರು ತಿಂಗಳಲ್ಲಿ ದೇಶಪೂರ್ತಿ ಕ್ಷೇತ್ರ ಹೇಗೆ ಹಿಡಿದ?

ರಾಮು: ಕ್ಷೇತ್ರವೇ ಇಲ್ವಲ್ಲೋ! ಇಡೀ ದೇಶದ ಮತ ಒಂದೇ ರಾಶಿ, 150 ಸೀಟು, ಬಿದ್ದ ಮತಕ್ಕೆ ತಕ್ಕ ಪಾಲು. ಶೇ 0.67 ಸಿಕ್ಕರೆ ಒಂದು ಸೀಟು. ಪಟ್ಟಿಯ ತಲೆಗೊಂದು ಮುಖ ಇದ್ರೆ ಸಾಕು, ಕೆಳಗಿರೋರನ್ನ ಯಾರೂ ನೋಡಲ್ಲ. ಎಡವಟ್ಟಾಗೋದೂ ಅಲ್ಲೇ.

ಪದ್ದಕ್ಕ: ಮೇ 6ಕ್ಕೆ ಹಿಲ್ವರ್ಸಮ್‌ನಲ್ಲಿ ರೇಡಿಯೊ ಸಂದರ್ಶನ ಮುಗಿಸಿ ಹೊರಬಂದಾಗ ಒಬ್ಬ ಪರಿಸರ ಕಾರ್ಯಕರ್ತ ಗುಂಡಿಟ್ಟು ಕೊಂದ. ಮತದಾನ 15ಕ್ಕೆ. ಪಟ್ಟಿ ಆಗಲೇ ಅಂತಿಮ, ಹೆಸರು ಹಾಗೇ ಉಳೀತು. ಶೇ 17 ಮತ, 26 ಸೀಟು, ಎರಡನೇ ಸ್ಥಾನ.

ಗೋಪಿ: ಗಾಡಿ ಇದೆ, ಡ್ರೈವರ್ ಇಲ್ಲ.

ಶೀನ: ಸ್ಟೇರಿಂಗಿಗೆ ಕೈ ಹಾಕಿದೋರು ಇಬ್ಬರು! ಪಕ್ಷ ಮೈತ್ರಿ ಸರ್ಕಾರ ಸೇರ್ತು, ಜುಲೈ 22ಕ್ಕೆ ಪ್ರಮಾಣವಚನ. ಆ ಪಕ್ಷದ ಒಬ್ಬ ಕಿರಿಯ ಸಚಿವೆ ಅವತ್ತೇ ರಾಜೀನಾಮೆ. ಅದೇ ಪಕ್ಷದ ಆರೋಗ್ಯ ಸಚಿವ ಬೊಮ್‌ಹಾಫ್‌ಗೂ ಆರ್ಥಿಕ ವ್ಯವಹಾರಗಳ ಹೈನ್ಸ್‌ಬ್ರೂಕ್‌ಗೂ ಎಣ್ಣೆ-ಸೀಗೇಕಾಯಿ. ಅಕ್ಟೋಬರ್ 16ಕ್ಕೆ ಸರ್ಕಾರವೇ ಮಗುಚಿಕೊಳ್ತು. ಮರುವರ್ಷ ಜನವರೀಲಿ 26 ಹೋಗಿ 8, 2006ರಲ್ಲಿ ಸೊನ್ನೆ.

ರಾಮು: ಆದ್ರೂ 2004ರಲ್ಲಿ ಟಿವಿಯವರ ‘ಅತಿ ಶ್ರೇಷ್ಠ ಡಚ್ಚ’ ಸ್ಪರ್ಧೆ ಗೆದ್ದಿದ್ದು ಇವನೇ ತಾನೆ?

ಪದ್ದಕ್ಕ: ಗೆದ್ದ ಅಂತ ಘೋಷಿಸಿದ್ರು. ಆಮೇಲೆ ನೋಡಿದ್ರೆ ಫೋನ್ ಲೈನ್ ಜಾಮ್ ಆಗಿ ಬೇಕಾದಷ್ಟು ಮತ ಎಣಿಕೆಗೇ ಬಂದಿರಲಿಲ್ಲ. ಎಲ್ಲಾ ಸೇರಿಸಿದ್ರೆ ಡಚ್ಚರ ರಾಷ್ಟ್ರಪಿತ ಆರೆಂಜ್‌ನ ವಿಲಿಯಮ್ಮನೇ ಮುಂದು.

ಗೋಪಿ: ಫಲಿತಾಂಶ ಬದಲಾಯಿಸಿದ್ರಾ?

ಪದ್ದಕ್ಕ: ಎಲ್ಲಿ! ಕಾರ್ಯಕ್ರಮ ಮುಗಿದಿತ್ತು.