ಪಾರ್ಕಿನ ತುಂಬ ಕಾಂಗ್ರೆಸ್ ಕಸ: ನೀವೇನು ಮಾಡಿದಿರಿ?

ಕೇಳಿದವರು, ಕಲಬುರಗಿ: ಲೇಔಟಿನ ಪಾರ್ಕು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ. ಮಳೆ ಬಿದ್ದದ್ದೇ ತಡ, ಅಂಚಿನ ತುಂಬ ಕಾಂಗ್ರೆಸ್ ಕಸ, ಲಾನ್ ಒಳಗೆ ಜೇಕು, ಅದೇ ಗಡ್ಡೆಯಿಂದ ಮತ್ತೆ ಮತ್ತೆ ಏಳುವ ಹುಲ್ಲು. ಮಕ್ಕಳು ಆಡುವ ಜಾಗ. ಅನುಭವ ಇದ್ದವರು ಹೇಳಿ.

ಬೀದರ್: ನಮ್ಮದು ಶಾಲೆ ಮೈದಾನ. ಕೈಯಲ್ಲೇ ಕೀಳಿಸಿದೆವು. ಆಳಿಗೆ 450, ಚಹಾ-ಫಳಾರ ಬೇರೆ, ಕೈಗವಸು ಜೋಡಿಗೆ 60. ಅದನ್ನು ಯಾರೂ ಹಾಕಿಕೊಳ್ಳಲಿಲ್ಲ, ಸಂಜೆಗೆ ಮೊಣಕೈತನಕ ತುರಿಕೆ. ಕಸ ಒಯ್ಯಲು ಟ್ರ್ಯಾಕ್ಟರಿನವನು 1,200 ತಗೊಂಡ. ಒಯ್ದು ಕಾಂಪೌಂಡಿನ ಹಿಂದೆಯೇ ಸುರುವಿ ಹೋದ! ಹೂ ಬಿಟ್ಟ ಒಂದೊಂದು ಗಿಡದಲ್ಲೂ ಸಾವಿರಾರು ಬೀಜ. ಮತ್ತೆ ಕೀಳಿಸಿದೆವು. ಈಗ ಮೈದಾನ ಕ್ಲೀನ್. ಒಂದು ಹನಿ ಎಣ್ಣೆ, ಅಂದರೆ ಕಳೆನಾಶಕ, ಹೊಡೆದಿಲ್ಲ.

ಶಹಾಪುರ: ಎಣ್ಣೆ ಹೊಡೆಸುವವರು ಮೊದಲು ಗಾಳಿ ನೋಡಿ. ನಮ್ಮ ಹೊಲದ ಪಕ್ಕದ ಲೇಔಟಿನವರು 2,4-ಡಿ ಅನ್ನುವ ಕಳೆನಾಶಕ ಹೊಡೆಸಿದರು. ನಮ್ಮ ಹತ್ತಿ ಎಲೆ ಬೆರಳು ಬೆರಳಾಗಿ ಸೀಳಿ, ಸುಳಿ ಮುದುಡಿತು. ಬೀಜ, ಗೊಬ್ಬರ, ಎಡೆ ಹೊಡೆಸಿದ್ದು ಸೇರಿ ಎಕರೆಗೆ 18,000 ಮಣ್ಣುಪಾಲು. ಕೇಳಿದರೆ ರೋಗ ಬಂದಿರಬೇಕು ಅಂದರು. ರೋಗಕ್ಕೆ ಅವರ ಬೇಲಿ ಕಡೆಯ ಸಾಲುಗಳೇ ಬೇಕಿತ್ತಾ?

ಆಳಂದ: ಗಾಳಿ ಜೋರಿಲ್ಲದಾಗ ಹೊಡೆದರೆ ಅಪಾಯ ಕಡಿಮೆ ಸಾಹೇಬ್ರೇ. ಜೇಕಿಗೆ ಕುರ್ಪಿ ಹಿಡಿದು ಕೂತರೆ ಸುಮ್ನೆ ಕೂಲಿ ದಂಡ. ಮೇಲಿನ ಎಲೆ ಬರುತ್ತದೆ, ಕೆಳಗೆ ಕರೀ ಗಡ್ಡೆ ಹಾಗೇ. ಕಬ್ಬಿಗೆ ಹೊಡೆಯುವ ಕಳೆನಾಶಕ ಹ್ಯಾಲೋಸಲ್ಫ್ಯೂರಾನನ್ನೇ ಕಲ್ಯಾಣ ಮಂಟಪದ ಲಾನಿಗೆ ಹೊಡೆಸಿದೆ. ಜೇಕು ಹಳದಿಯಾಗಿ ಸತ್ತಿತು, ಕರಿಕೆ ಹಸಿರಾಗೇ ಇದೆ. ದುಬಾರಿ, ಒಪ್ಪುತ್ತೇನೆ. ಮುಂಚೆ ಕಮಿಟಿಯವರು ಗ್ಲೈಫೋಸೇಟ್ ಅನ್ನೋ ಕಳೆನಾಶಕ ತಂದು ಕೆರೆಯ ರಾಡಿ ನೀರಲ್ಲಿ ಕಲಸಿದ್ದರು. ಮಣ್ಣಿನ ಕಣಕ್ಕೇ ಅದು ಅಂಟಿಕೊಂಡರೆ ಕಸ ಎಲ್ಲಿ ಸಾಯುತ್ತದೆ?

ಶಹಾಪುರ: ಪೆಸ್ಟ್ ಕಂಟ್ರೋಲ್ ಆಪರೇಟರ್, ಅಂದರೆ ಲೈಸೆನ್ಸ್ ಇರುವ ಕೀಟ ನಿಯಂತ್ರಣದವರು, ಬಿಟ್ಟು ಯಾರೂ ಗ್ಲೈಫೋಸೇಟ್ ಬಳಸುವಂತಿಲ್ಲ ಅಂತ ಕೇಂದ್ರ ಸರ್ಕಾರ 2022ರಲ್ಲೇ ಆದೇಶ ಹೊರಡಿಸಿದೆ. ನಿಮ್ಮ ಕಮಿಟಿಗೆ ಕೊಟ್ಟವರು ಯಾರು?

ಆಳಂದ: ನೀವೇನು ಇನ್‌ಸ್ಪೆಕ್ಟರಾ?

ಚಿತ್ತಾಪುರ: ಜಗಳ ಬಿಡಿ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ, ಕಾಂಗ್ರೆಸ್ ಕಸ ತಿನ್ನುವ ಮೆಕ್ಸಿಕನ್ ಜೀರುಂಡೆ ಈಗ ಎಲ್ಲ ಕಡೆ ಇದೆ. ಬಿಳಿ ಬೆನ್ನಿನ ಮೇಲೆ ಕಂದು ಗೆರೆ. ರಸ್ತೆ ಬದಿಯಿಂದ ಡಬ್ಬಿಯಲ್ಲಿ ಹಿಡಿದು ತಂದು ಬಿಟ್ಟೆ. ಎಲೆ ತಿಂದು ಬರೀ ಕಡ್ಡಿ ಉಳಿಸಿದವು. ಖರ್ಚು ಸೊನ್ನೆ.

ಬೀದರ್: ಚಳಿಗಾಲಕ್ಕೆ ಆ ಹುಳ ಮಣ್ಣಿಗೆ ಇಳಿಯುತ್ತದೆ. ಆಗ ಬೋರ್‌ವೆಲ್ ನೀರಿಗೆ ಏಳುವ ಕಸ ನೀವು ತಿನ್ನುತ್ತೀರಾ?

ಆಳಂದ: ಅದಿರಲಿ, 450ಕ್ಕೆ ಆಳು ಸಿಗುವ ಬೀದರ್ ಯಾವುದು? ತೊಗರಿ ರಾಶಿ ಬಂದರೆ ನಮ್ಮಲ್ಲಿ 600 ಅಂದರೂ ಫೋನ್ ಎತ್ತಲ್ಲ.

ಬೀದರ್: ಅದು ಹೆಣ್ಣಾಳಿಗೆ. ಗಂಡಾಳಿಗೆ 700.

ಆಳಂದ: ಮೊದಲೇ ಬರೀಬೇಕಿತ್ತು, ಅಲ್ವಾ?