ಸಹಾಯ ಬೇಕು: ಐರ್ಲೆಂಡ್‌ನ ಹಳೇ ಪೊಲೀಸರ ಬಗ್ಗೆ

ಎಲ್ಲರಿಗೂ ನಮಸ್ಕಾರ. ಐರ್ಲೆಂಡ್ ಸ್ವಾತಂತ್ರ್ಯ ಹೋರಾಟದಲ್ಲಿ ಪೊಲೀಸರ ಪಾಡೇನಾಯ್ತು ಅಂತ ಲೇಖನ ಬರೆಯುತ್ತಿದ್ದೇನೆ. ಅಲ್ಲಿನ ಪೊಲೀಸ್ ಪಡೆ ರಾಯಲ್ ಐರಿಷ್ ಕಾನ್‌ಸ್ಟಾಬ್ಯುಲರಿ ಬ್ರಿಟಿಷರದ್ದು, ನಿಜ. ಆದರೆ ಅದರಲ್ಲಿ ಜಾಸ್ತಿ ಇದ್ದವರು ಅಲ್ಲಿನ ಕ್ಯಾಥೊಲಿಕ್ ಮನೆಗಳ ಹುಡುಗರೇ.

1919ರ ಜನವರಿ 21ರಂದು ಟಿಪ್ಪರರಿಯ ಸೊಲೊಹೆಡ್‌ಬೆಗ್‌ನಲ್ಲಿ ಕಲ್ಲುಗಣಿಗೆ ಜೆಲಿಗ್ನೈಟ್ ಅನ್ನೋ ಸಿಡಿಮದ್ದು ಒಯ್ಯುತ್ತಿದ್ದ ಗಾಡಿಗೆ ಇಬ್ಬರು ಕಾನ್‌ಸ್ಟೆಬಲ್‌ಗಳು ಕಾವಲಿದ್ದರು. ಹೋರಾಟಗಾರರು ಇಬ್ಬರನ್ನೂ ಗುಂಡಿಟ್ಟು ಕೊಂದರು. ಅವರಲ್ಲಿ ಒಬ್ಬರಿಗಂತೂ ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿದ್ದರು. ಇದನ್ನು ಓದಿದ ಮೇಲೆ ಸುಮ್ನೆ ಇರಲಾಗಲಿಲ್ಲ.

ಊರವರು ಪೊಲೀಸರಿಗೆ ಬಹಿಷ್ಕಾರ ಹಾಕಿದರು. ಎಷ್ಟೋ ಜನ ಕೆಲಸ ಬಿಟ್ಟರು. 1920ರಲ್ಲಿ ಬ್ರಿಟಿಷರು ತಮ್ಮ ಮಾಜಿ ಸೈನಿಕರನ್ನು ತಂದು ಪಡೆಗೆ ಸೇರಿಸಿದರು. ಯೂನಿಫಾರಂ ಸಾಲದೆ ಖಾಕಿ, ಕಡುಹಸಿರು ಬೆರೆಸಿ ಹಾಕಿದ ಇವರೇ ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’. ಇವರು ಮನೆ ಅಂಗಡಿ ಸುಟ್ಟ ಕೆಟ್ಟ ಹೆಸರು ಹಳಬರಿಗೂ ಅಂಟಿತು. ಆದರೆ ಅದೇ ವರ್ಷ ಜೂನ್‌ನಲ್ಲಿ ಲಿಸ್ಟೋವೆಲ್ ಊರಿನ ಪೊಲೀಸರು ಮೇಲಿನವರ ಆದೇಶಕ್ಕೇ ತಿರುಗಿಬಿದ್ದರು. ಇದನ್ನೂ ಹೇಳಬೇಕಲ್ವಾ?

ನನಗೆ ಬೇಕಿರುವುದು ಪೊಲೀಸರ ಮನೆಯವರ ಮಾತು: ಪತ್ರ, ನೆನಪು, ಏನಾದರೂ ಸರಿ. ಈ ಪಡೆಯ ಸೇವಾ ದಾಖಲೆ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್ ಅನ್ನೋ ಸರ್ಕಾರಿ ದಾಖಲೆ ಸಂಗ್ರಹದಲ್ಲಿದೆ. ಅಲ್ಲಿ ಕೆಲಸ ಮಾಡಿದವರಿದ್ದರೆ, ನಕಲು ತರಿಸುವುದು ಹೇಗೆ ಅಂತ ದಯವಿಟ್ಟು ತಿಳಿಸಿ.